ಆ ಒಣಮರ ಅಲ್ಲೇ ಇರಲಿ

ಕಳೆದ ಭಾನುವಾರ ಮಳೆ ಬಿಟ್ಟ ಹೊತ್ತಿನಲ್ಲಿ ನಮ್ಮ ಬಡಾವಣೆಯ ಹಿರಿಯರೊಬ್ಬರು ಬೇಲಿ ಹತ್ತಿರ ನಿಂತು ಕೇಳಿದರು, "ಎಂತ ತಂಗೀ, ಒಂದು ವರ್ಷದಿಂದ ಕೆಲಸ ಮಾಡ್ತಿದ್ದೀರಿ, ಇನ್ನೂ ಕ್ಲೀನ್ ಆಗಲೇ ಇಲ್ವಲ್ಲ?" ನಿಂತಲ್ಲೇ ಹೇಳಿ ಮುಗಿಯುವ ಉತ್ತರ ಅಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಶಿರಸಿ ಪೇಟೆಯ ಅಂಚಿನಲ್ಲಿ, ನಮ್ಮ ಮನೆಗಳ ಹಿಂದೆ, ಒಂದು ಎಕರೆಗೂ ಕಡಿಮೆ ಜಾಗ. ಪಾರ್ಕಿಗೆ ಅಂತ ಬಿಟ್ಟದ್ದು, ಪಾರ್ಕ್ ಆಗಲಿಲ್ಲ. ಒಡೆದ ಮನೆಯ ಕಲ್ಲುಮಣ್ಣು, ಬಾಟಲಿ, ಹಳೇ ಹಾಸಿಗೆ, ಉಳಿದ ಕಡೆಯೆಲ್ಲ ಲಂಟಾನ. ಅದನ್ನು ಮತ್ತೆ ನಮ್ಮ ಊರಿನ ಗಿಡ, ಹಕ್ಕಿಗಳ ಜಾಗ ಮಾಡೋಣ ಅಂತ ಹೊರಟು, ಮೊದಲ ಎರಡು ತಿಂಗಳು ಹತ್ತು ಹನ್ನೆರಡು ಜನ ಸೇರಿ ಬರೀ ಕಸ ಹೊತ್ತೆವು.

ಲಂಟಾನ ಅಷ್ಟು ಸುಲಭ ಅಲ್ಲ. ಅಲಂಕಾರಕ್ಕೆಂದು ಅಮೆರಿಕಾ ಖಂಡದಿಂದ ತಂದ ಗಿಡ ಇದು. ಕತ್ತಿಯಲ್ಲಿ ಸುಮ್ನೆ ಸವರಿದರೆ ಮಳೆ ಬಿದ್ದ ಕೂಡಲೇ ಮತ್ತೆ ಚಿಗುರುತ್ತದೆ. ಪಿಕಾಸಿ ಹಾಕಿ, ಮಣ್ಣಿನೊಳಗೆ ಬೇರು ಕಡಿದು, ಬುಡ ಮೇಲೆ ಮಾಡಿ ಇಡಬೇಕು. ಹಕ್ಕಿಗಳು ಹಣ್ಣು ತಿಂದು ಬೀಜ ಉದುರಿಸುವುದರಿಂದ ಮರಗಳ ಕೆಳಗೆ ಏಳುವ ಸಸಿಗಳನ್ನು ಪ್ರತಿ ಮಳೆಗಾಲ ಕೀಳಬೇಕು. ಜೆಸಿಬಿ ತಂದರೆ ಒಂದೇ ದಿನದ ಕೆಲಸ ಅಂದವರು ಬಹಳ. ಹೌದು, ಒಂದೇ ದಿನ. ಆದರೆ ಆ ಪೊದೆಯಲ್ಲೇ ಪಿಕಳಾರ ಗೂಡು ಕಟ್ಟಿತ್ತು. ಮುಂಗುಸಿ ಅಲ್ಲೇ ನುಗ್ಗಿ ಅಡಗುತ್ತಿತ್ತು. ಕೆಳಗೆ ನೇರಳೆ, ಮುರುಗಲು, ದಾಲ್ಚಿನ್ನಿ ಸಸಿಗಳು ಬೆಳಕಿಗಾಗಿ ಕಾದು ನಿಂತಿದ್ದವು. ಒಂದು ಮೂಲೆ ಬಿಡಿಸಿ, ಅಲ್ಲಿ ನಮ್ಮ ಗಿಡ ಮೇಲೆದ್ದ ಮೇಲೆ ಇನ್ನೊಂದು ಮೂಲೆಗೆ ಹೋಗುತ್ತೇವೆ. ನಮ್ಮ ತಾಲ್ಲೂಕಿನ ಸಾಲ್ಕಣಿಯಲ್ಲಿ 1983ರಲ್ಲಿ ಜನ ಮರ ಅಪ್ಪಿಕೊಂಡು ಶುರುವಾದ ಅಪ್ಪಿಕೋ ಚಳವಳಿಯ ಮಾತು "ಉಳಿಸು, ಬೆಳೆಸು, ಬಳಸು". ಮೊದಲು ಉಳಿಸು. ಆದರೆ ಸಾಮಾನ್ಯವಾಗಿ ಜನ ಮಾಡುವುದು ಬೇರೆ, ಜೂನ್ ಬಂತು ಅಂದರೆ ಇದ್ದದ್ದನ್ನು ಸವರಿ, ಗುಂಡಿ ತೋಡಿ, ಹೊಸದು ನೆಡುತ್ತಾರೆ.

ಇನ್ನು ದರಕು, ಅಂದರೆ ಉದುರಿದ ಒಣ ಎಲೆ. ಒಂದು ಎಕರೆ ಅಡಿಕೆ ತೋಟಕ್ಕೆ 9 ಎಕರೆಯವರೆಗೂ ಸೊಪ್ಪಿನ ಬೆಟ್ಟ, ಅಂದರೆ ತೋಟಕ್ಕೆ ಸೊಪ್ಪು, ದರಕು ತರುವ ಕಾಡು, ಬಿಟ್ಟುಕೊಟ್ಟ ಸೀಮೆ ನಮ್ಮದು. ದರಕಿನ ಬೆಲೆ ನಮಗೆ ಯಾರಾದರೂ ಹೇಳಿಕೊಡಬೇಕಾ? ಆದರೂ ಪೇಟೆಗೆ ಬಂದ ಕೂಡಲೇ ಅದು ಕಸ ಆಗಿಬಿಡುತ್ತದೆ. ಜನವರಿಯಲ್ಲಿ ಯಾರೋ ನಮ್ಮ ಜಾಗದ ದರಕಿಗೆ ಬೆಂಕಿ ಕೊಟ್ಟರು. ಅವತ್ತು ನನಗೆ ಅಳು ಬಂತು. ಹಿಂದಿನ ವಾರವಷ್ಟೇ ಅಲ್ಲಿ ಒಂದು ನವರಂಗ ಎಲೆ ಮಗುಚಿ ಮಗುಚಿ ಹುಳ ಹೆಕ್ಕುತ್ತಿತ್ತು. ಚಳಿಗಾಲಕ್ಕೆ ಉತ್ತರದಿಂದ ಅಷ್ಟು ದೂರ ಹಾರಿ ಬರುವ ಹಕ್ಕಿಯ ಊಟ ಇರುವುದೇ ಆ ಎಲೆಯ ಅಡಿಯಲ್ಲಿ.

ಎಲ್ಲಕ್ಕಿಂತ ಜಾಸ್ತಿ ಮಾತು ಕೇಳಿದ್ದು ಕಡಿಯದೆ ಬಿಟ್ಟ ಒಣಗಿದ ಬೂರುಗದ ಮರಕ್ಕೆ. ದಾರಿ ಮೇಲೋ ಮನೆ ಮೇಲೋ ಬೀಳುವಂತಿದ್ದರೆ ನಾನೇ ಕಡಿಸಿ ಅನ್ನುತ್ತಿದ್ದೆ. ಅದು ನಡುವೆ ಇದೆ, ಬಿದ್ದರೂ ಬರೀ ನೆಲದ ಮೇಲೆ. ಕುಟುರ ಹಕ್ಕಿ ಅದರಲ್ಲಿ ತೂತು ಕೊರೆದಿದೆ. ಗಟ್ಟಿ ಮರ ಅದರ ಕೊಕ್ಕಿಗೆ ಬಗ್ಗುವುದಿಲ್ಲ, ಸತ್ತು ಮೆತ್ತಗಾದ ಕೊಂಬೆಯೇ ಬೇಕು. ಅದು ಬಿಟ್ಟುಹೋದ ತೂತಿಗೆ ಮೈನಾ, ಮಡಿವಾಳ ಹಕ್ಕಿ ಬರುತ್ತವೆ. ತಾವಾಗಿ ಕೊರೆಯಲು ಬಾರದ ಹಕ್ಕಿಗಳು ಅವು.

ಈಗ ಪೇವರ್ಸ್ ಹಾಕಿಸಿ ದೊಡ್ಡ ದೀಪ ನಿಲ್ಲಿಸುವ ಮಾತು ನಡೆದಿದೆ. ವಯಸ್ಸಾದವರಿಗೆ, ಮಕ್ಕಳಿಗೆ ಒಂದು ಮಣ್ಣಿನ ದಾರಿ, ಎರಡು ಕಲ್ಲುಬೆಂಚು ಖಂಡಿತ ಬೇಕು. ದೀಪವೂ ಇರಲಿ, ರಸ್ತೆ ಬದಿಗೆ ಮಾತ್ರ. ಈ ಸಲ ಮಳೆ ಹಿಡಿಯುವ ಮುಂಚೆ ಹಿಂದಿನ ಮೂಲೆಯಲ್ಲಿ ಮಿಂಚುಹುಳಗಳು ಕಂಡವು. ಅವು ಮಿನುಗುವುದು ಜೋಡಿಯನ್ನು ಕರೆಯಲಿಕ್ಕೆ. ದೊಡ್ಡ ಬೆಳಕು ಬಿದ್ದರೆ ಆ ಕರೆ ಕಾಣುವುದಿಲ್ಲ. ನನ್ನ ಮಗಳು ಅವನ್ನು ನೋಡಿದ್ದು ಅದೇ ಮೊದಲ ಸಲ.

ಭಾನುವಾರ ಬೆಳಿಗ್ಗೆ ಏಳಕ್ಕೆ ಅಲ್ಲಿರುತ್ತೇವೆ. ಯಾರದಾದರೂ ಹಿತ್ತಿಲಲ್ಲಿ, ಗೋಡೆ ಸಂದಿಯಲ್ಲಿ ಅತ್ತಿ, ಬಸರಿ ಸಸಿ ಎದ್ದಿದ್ದರೆ ಕಿತ್ತು ಬಿಸಾಡಬೇಡಿ. ಬೇರು ಸಮೇತ ತೆಗೆದು, ಒದ್ದೆ ಬಟ್ಟೆ ಸುತ್ತಿ ತನ್ನಿ. ಗುಂಡಿ ತೆಗೆದು ಇಟ್ಟಿದ್ದೇವೆ.