ರೆಕಾರ್ಡ್ ಮಾಡಿದ ಪಾಠವೇ ಕೋರ್ಸ್ ಅಲ್ಲ

ಊರ ಕಡೆಯ ಕಾಲೇಜುಗಳಲ್ಲಿ ಆನ್‌ಲೈನ್ ಕೋರ್ಸ್ ಎಂದೊಡನೆ ಬರುವ ಪ್ರಶ್ನೆ, ‘ಪಾಠ ಯಾರದು?’ ಐಐಟಿಯವರದೋ, ನಮ್ಮ ಬೆಂಗಳೂರಿನ ಐಐಎಸ್‌ಸಿಯವರದೋ ಎಂದು ತಿಳಿದರೆ ಸಾಕು, ಅರ್ಧ ಕೆಲಸ ಮುಗಿದಂತೆ. ಇವರೇ ಸೇರಿ ನಡೆಸುವ ಎನ್‌ಪಿಟಿಇಎಲ್ ಎಂಬ ಆನ್‌ಲೈನ್ ಯೋಜನೆಯ ಪಾಠಗಳು ಅಷ್ಟು ನಂಬಿಕೆ ಗಳಿಸಿರುವುದೂ ನಿಜ. ಇಲ್ಲಿ ಅಮೆರಿಕದಲ್ಲಿ ಕೋರ್ಸ್ ಕಟ್ಟಲು ಕೂತರೆ ಮೊದಲ ಪ್ರಶ್ನೆಯೇ ಬೇರೆ: ‘ವಿದ್ಯಾರ್ಥಿ ವಾರಕ್ಕೆ ಎಷ್ಟು ಹೊತ್ತು, ಏನು ಮಾಡುತ್ತಾನೆ?’ ನನ್ನ ಮಟ್ಟಿಗೆ ಈ ಎರಡನೆಯ ಪ್ರಶ್ನೆಯೇ ಸರಿ. ಪರೀಕ್ಷೆಯ ಮಾತು ಬಂದಾಗ ಮಾತ್ರ ನಮ್ಮ ಕಡೆಯ ಕ್ರಮವೇ ಗಟ್ಟಿ.

ಇಲ್ಲಿ 1 ಕ್ರೆಡಿಟ್ ಎಂದರೆ ಸುಮಾರು 15 ವಾರ, ವಾರಕ್ಕೆ 1 ಗಂಟೆ ತರಗತಿ, 2 ಗಂಟೆ ಹೊರಗಿನ ಓದು. ಹಾಗಾಗಿ 3 ಕ್ರೆಡಿಟ್‌ಗೆ ವಾರಕ್ಕೆ 9 ಗಂಟೆ. ಅದೇ ಕೋರ್ಸನ್ನು ಬೇಸಿಗೆಯಲ್ಲಿ ಏಳೂವರೆ ವಾರಕ್ಕೆ ಹಿಡಿಸಿದರೆ ವಾರಕ್ಕೆ 18 ಗಂಟೆ. ಕೆಲಸಕ್ಕೆ ಹೋಗುತ್ತ ಓದುವವರು ಸೋಲುವುದು ಈ ಲೆಕ್ಕದಲ್ಲೇ. 9 ಗಂಟೆಯನ್ನು ಹಂಚುವಾಗ ವಿಡಿಯೊಗೆ 1 ಗಂಟೆ ಸಾಕು. ಓದಿಗೆ 2, ಲೆಕ್ಕ ಬಿಡಿಸಲು 3, ಕಿರುಪರೀಕ್ಷೆಗೆ ಅರ್ಧ, ಚರ್ಚೆಗೆ 1, ಬರೆದು ಒಪ್ಪಿಸುವ ಕೆಲಸಕ್ಕೆ ಒಂದೂವರೆ. ಆ 1 ಗಂಟೆಯ ವಿಡಿಯೊವನ್ನೂ ತುಂಡು ಮಾಡಬೇಕು: ಪಾಠ ಎಷ್ಟೇ ಉದ್ದವಿರಲಿ, ನಡುಮಟ್ಟದ ನೋಡುಗ 6 ನಿಮಿಷ ಮೀರಿ ಕೂರುವುದಿಲ್ಲ ಎಂದು ಎಡ್‌ಎಕ್ಸ್ ಎಂಬ ಆನ್‌ಲೈನ್ ಕೋರ್ಸ್ ತಾಣದ ಪಾಠಗಳ ಮೇಲೆ 2014ರಲ್ಲಿ ಬಂದ ಅಧ್ಯಯನ ತೋರಿಸಿತ್ತು.

ನಮ್ಮ ಹಳ್ಳಿ ಕಡೆಯ ಮಕ್ಕಳಿಗೆ ಡೇಟಾದ ಲೆಕ್ಕವೂ ಇದೆ. ಸೆಕೆಂಡಿಗೆ 1.5 ಮೆಗಾಬಿಟ್‌ನಂತೆ ಹರಿಯುವ 50 ನಿಮಿಷದ ವಿಡಿಯೊ ಸುಮಾರು 560 ಎಂಬಿ ತಿನ್ನುತ್ತದೆ. ದಿನಕ್ಕೆ 1.5 ಜಿಬಿ ಪ್ಯಾಕ್ ಇದ್ದರೆ ಮೂರನೇ ಪಾಠ ಮುಗಿಯುವ ಮೊದಲೇ ನಿಲ್ಲುತ್ತದೆ. ಅದೇ ಪಾಠದ ದನಿಯನ್ನಷ್ಟೇ ಸೆಕೆಂಡಿಗೆ 32 ಕಿಲೊಬಿಟ್‌ಗೆ ಇಳಿಸಿ, ಜೊತೆಗೆ ಪಿಡಿಎಫ್ ಟಿಪ್ಪಣಿ ಕೊಟ್ಟರೆ ದನಿಗೆ 12 ಎಂಬಿ ಸಾಕು. ಯಾವ ಕಾಲೇಜೂ ಇಂದೇ ಮಾಡಬಹುದಾದ ಕೆಲಸವಿದು.

ಕೋರ್ಸಿನ ಜೀವ ಇರುವುದು ಕಿರುಪರೀಕ್ಷೆಯ ತಪ್ಪು ಉತ್ತರಗಳಲ್ಲಿ. 12, 15, 9, 40, 14 – ಇವುಗಳ ಮಧ್ಯಾಂಕ ಯಾವುದು ಎಂದು ಕೇಳಿ, 14, 9, 18, 24.5 ಎಂದು ಆಯ್ಕೆ ಕೊಡಿ. ಸರಿಯುತ್ತರ 14: ಏರಿಕೆ ಕ್ರಮದಲ್ಲಿ ಜೋಡಿಸಿದಾಗ ನಟ್ಟನಡುವೆ ಬರುವ ಸಂಖ್ಯೆ. 9 ಎಂದವರು ಸಂಖ್ಯೆಗಳನ್ನು ಏರಿಕೆ ಕ್ರಮದಲ್ಲಿ ಜೋಡಿಸಲಿಲ್ಲ, 18 ಎಂದವರು ಸರಾಸರಿ ತೆಗೆದರು, 24.5 ಎಂದವರು ತೀರ ಚಿಕ್ಕದು, ತೀರ ದೊಡ್ಡದು ಎರಡನ್ನೇ ಕೂಡಿ ಅರ್ಧ ಮಾಡಿದರು. ಒಂದೊಂದು ತಪ್ಪಿಗೂ ಅದರದೇ ಎರಡು ಸಾಲಿನ ವಿವರಣೆ ಮೊದಲೇ ಬರೆದಿಟ್ಟರೆ, ಉತ್ತರ ಒತ್ತಿದ ಕ್ಷಣವೇ ಮೇಷ್ಟ್ರು ಪಕ್ಕದಲ್ಲಿ ನಿಂತಂತೆ. ‘ತಪ್ಪು, ಮತ್ತೆ ಪ್ರಯತ್ನಿಸಿ’ ಎಂದಷ್ಟೇ ತೋರಿಸುವ ಪರೀಕ್ಷೆಯಲ್ಲಿ ಹುಡುಗರು ಉಳಿದ ಮೂರನ್ನೂ ಒತ್ತಿ ನೋಡುತ್ತಾರೆ, ಕಲಿಯುವುದಿಲ್ಲ.

ಮೇಷ್ಟ್ರ ಒಡನಾಟವನ್ನು ಇಲ್ಲಿ ನಿಯಮವೇ ಕೇಳುತ್ತದೆ. 2021ರ ಜುಲೈ 1ರಿಂದ ಜಾರಿಗೆ ಬಂದ ಫೆಡರಲ್ ನಿಯಮದಂತೆ, ಬೋಧಕರು ತಾವಾಗಿ, ನಿಯಮಿತವಾಗಿ ವಿದ್ಯಾರ್ಥಿಗಳೊಡನೆ ಮಾತಾಡದ ಕೋರ್ಸ್ ಅಂಚೆ ಶಿಕ್ಷಣದ ಲೆಕ್ಕಕ್ಕೆ ಬೀಳಬಹುದು. ನಮ್ಮಲ್ಲಿ ಯುಜಿಸಿ 2021ರಲ್ಲೇ ಒಂದು ಸೆಮಿಸ್ಟರಿನ ಶೇ 40ರವರೆಗಿನ ಕೋರ್ಸುಗಳನ್ನು ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸ್ ತಾಣ ‘ಸ್ವಯಂ’ ಮೂಲಕ ಓದಲು ಬಿಟ್ಟಿತು. ಒಳ್ಳೆಯದೇ. ಆದರೆ ಆ ಶೇ 40ಕ್ಕೆ ಕಾಲೇಜಿನಲ್ಲಿ ಯಾರು ಹೊಣೆ?

ಇನ್ನು ಪರೀಕ್ಷೆ. ಎನ್‌ಪಿಟಿಇಎಲ್‌ನಲ್ಲಿ ಅಸೈನ್‌ಮೆಂಟಿಗೆ 25 ಅಂಕ, ಕೇಂದ್ರಕ್ಕೆ ಹೋಗಿ ಬರೆಯುವ ಪರೀಕ್ಷೆಗೆ 75. ಪ್ರಮಾಣಪತ್ರಕ್ಕೆ ಇವುಗಳಲ್ಲಿ ಕ್ರಮವಾಗಿ ಕನಿಷ್ಠ 10 ಮತ್ತು 30 ಬರಬೇಕು. ಚಾಟ್‌ಜಿಪಿಟಿ ಬಂದ ಮೇಲೆ ಮನೆಯಲ್ಲಿ ಬರೆದದ್ದಕ್ಕೇ ಬಹುಪಾಲು ಅಂಕ ಕೊಡುವ ಇಲ್ಲಿನ ಕೋರ್ಸುಗಳನ್ನು ನಂಬುವುದು ಕಷ್ಟವಾಗಿದೆ. ಕಣ್ಣೆದುರು ಕೂರಿಸಿ ಬರೆಸುವುದನ್ನು ಇವರು ನಮ್ಮಿಂದ ಕಲಿಯಲಿ.

ಊರ ಕಾಲೇಜು ಮಾಡಬೇಕಾದ್ದು ಇಷ್ಟು: ಪ್ರತಿ ಸ್ವಯಂ ಕೋರ್ಸಿಗೆ ಒಬ್ಬ ಮೇಷ್ಟ್ರು, ಅವರ ವೇಳಾಪಟ್ಟಿಯಲ್ಲಿ ವಾರಕ್ಕೆ 2 ಗಂಟೆ. ಒಂದು ಗಂಟೆ ಸಂದೇಹಕ್ಕೆ, ಇನ್ನೊಂದು ಗಂಟೆ ಕೈಯಲ್ಲಿ ಬರೆಸಿದ ಒಂದೇ ಒಂದು ಲೆಕ್ಕ ತಿದ್ದುವುದಕ್ಕೆ. ಆ ಲೆಕ್ಕದ ಗಡುವನ್ನು ಭಾನುವಾರ ರಾತ್ರಿ ಇಡಬೇಡಿ. ಅಂದು ಸಂದೇಹ ಕೇಳಲು ಯಾರೂ ಸಿಗುವುದಿಲ್ಲ. ಬುಧವಾರ ಇಡಿ, ತಿದ್ದಿದ ಹಾಳೆ ಶನಿವಾರಕ್ಕೆ ಕೈಸೇರಲಿ, ಮುಂದಿನ ಲೆಕ್ಕ ಆಮೇಲೆ ಕೊಡಿ.