ಎಷ್ಟು ಕೆಜಿ ಇಳಿಯಿತು ಎಂದು ಕೇಳುವವರಿಗೆ

ಶಿವಮೊಗ್ಗದ ವಿನೋಬನಗರದಲ್ಲಿ ನಾನು ಸಂಜೆ ಹೋಗುವ ಬಾಕ್ಸಿಂಗ್ ತರಗತಿಯ ಗೇಟಿಗೆ ನಿನ್ನೆ ಹೊಸ ಫ್ಲೆಕ್ಸ್ ಕಟ್ಟಿದ್ದಾರೆ. ಗುಲಾಬಿ ಬಣ್ಣದ ಗ್ಲೌಸ್ ತೊಟ್ಟ, ಹೆರಿಗೆಯನ್ನು ಬಹುಶಃ ಸಿನಿಮಾದಲ್ಲಷ್ಟೇ ನೋಡಿರುವ ಒಬ್ಬ ಹುಡುಗಿಯ ಚಿತ್ರ. ಅದರ ಕೆಳಗೆ ‘ಅಮ್ಮಂದಿರಿಗೆ ವಿಶೇಷ ಬ್ಯಾಚ್, 30 ದಿನದಲ್ಲಿ ಹೊಟ್ಟೆ ಮಾಯ’ ಎಂಬ ಭರವಸೆ. ನಾನು ಅದನ್ನು ಓದುತ್ತ ನಿಂತಿರುವಾಗಲೇ ಪರಿಚಯದವರೊಬ್ಬರು ಸ್ಕೂಟಿ ನಿಲ್ಲಿಸಿ, ನನ್ನನ್ನು ಮೇಲಿನಿಂದ ಕೆಳಗಿನವರೆಗೆ ಒಮ್ಮೆ ನೋಡಿ, “ಇಲ್ಲೀವರೆಗೆ ಎಷ್ಟು ಕೆಜಿ ಇಳಿದ್ರಿ?” ಎಂದು ಕೇಳಿದರು. ಕೈಗೆ ಪಟ್ಟಿ ಸುತ್ತಿಕೊಂಡಾಗಿತ್ತು, ಆದರೂ ಸುಮ್ಮನಿದ್ದೆ. ನನ್ನ ಸಂಯಮವನ್ನು ದಯವಿಟ್ಟು ಗಮನಿಸಿ.

ಈ ಪ್ರಶ್ನೆಯನ್ನು ನನಗೆ ಮದುವೆ ಮನೆಯ ಊಟದ ಪಂಕ್ತಿಯಲ್ಲಿ ಕೇಳಿದ್ದಾರೆ, ಔಷಧಿ ಅಂಗಡಿಯಲ್ಲಿ ಕೇಳಿದ್ದಾರೆ, ಮಗಳ ಶಾಲೆಯ ಪೋಷಕರ ಸಭೆಯಲ್ಲೂ ಕೇಳಿದ್ದಾರೆ. ಮಕ್ಕಳಾದ ಮೇಲೆ ಹೆಂಗಸೊಬ್ಬಳು ವ್ಯಾಯಾಮಕ್ಕೆ ಹೊರಟಳೆಂದರೆ ಅದು ಹೊಟ್ಟೆ ಕರಗಿಸುವುದಕ್ಕಲ್ಲದೆ ಬೇರೆ ಯಾವುದಕ್ಕೂ ಇರಲಾರದು ಎಂದು ಊರು ತೀರ್ಮಾನಿಸಿಬಿಟ್ಟಿದೆ. ಊರು ಹಾಗೆ ತಿಳಿದರೆ ಸಹಿಸಬಹುದು. ಕಲಿಸುವ ಜಾಗವೇ ಹಾಗೆ ಬೋರ್ಡು ಹಾಕಿಕೊಂಡರೆ ಯಾರಿಗೆ ಹೇಳುವುದು?

ಒಳಗೆ ನಡೆಯುವುದು ಏನೆಂದು ಸ್ವಲ್ಪ ಹೇಳುತ್ತೇನೆ. ಅಲ್ಲಿ ಯಾರೂ ಯಾರ ಮೂಗಿಗೂ ಹೊಡೆಯುವುದಿಲ್ಲ. ಹೊಡೆತಗಳೆಲ್ಲ ನೇತುಹಾಕಿದ ಚೀಲಕ್ಕೆ ಅಥವಾ ಕೋಚ್ ಹಿಡಿಯುವ ಪ್ಯಾಡಿಗೆ. ಮೊದಲು ನಾಲ್ಕೂವರೆ ಮೀಟರ್ ಉದ್ದದ ಪಟ್ಟಿಯನ್ನು ಮಣಿಕಟ್ಟಿಗೂ ಬೆರಳ ಗೆಣ್ಣುಗಳಿಗೂ ಸುತ್ತುವುದನ್ನು ಕಲಿಸುತ್ತಾರೆ. ಹೆಬ್ಬೆರಳನ್ನು ಮುಷ್ಟಿಯ ಹೊರಗಿಡಬೇಕು, ಒಳಗೆ ಮಡಿಸಿದರೆ ಮೊದಲ ಏಟಿಗೇ ಅದು ಉಳುಕುತ್ತದೆ. ಆಮೇಲೆ ಕಾಲಿನ ನಿಲುವು. ಏಟು ತೋಳಿನಿಂದ ಬರುತ್ತದೆ ಎಂದೇ ನಾನು ತಿಳಿದಿದ್ದೆ. ಅದು ಹಿಂದಿನ ಕಾಲಿನ ಪಾದದಿಂದ ಹೊರಟು, ಸೊಂಟ ತಿರುಗಿ, ಭುಜವನ್ನು ದಾಟಿ, ಕೊನೆಗೆ ಮುಷ್ಟಿಗೆ ತಲುಪುತ್ತದೆ. ಪ್ರತಿ ಏಟಿಗೂ ಬಾಯಿಂದ ‘ಹುಸ್’ ಎಂದು ಉಸಿರು ಬಿಡಬೇಕು. “ಅಕ್ಕಾ, ಭುಜ ಇಳಿಸಿ, ಉಸಿರು ಹಿಡೀಬೇಡಿ” ಎನ್ನುವುದೇ ನಮ್ಮ ಕೋಚ್ ಹುಡುಗಿಯ ದಿನನಿತ್ಯದ ಮಂತ್ರ.

ಹೆತ್ತವಳಿಗೆ ಆ ಉಸಿರಿನ ಮಾತು ತೀರಾ ಮುಖ್ಯವಾದದ್ದು. ಉಸಿರು ಬಿಗಿಹಿಡಿದು ಬಲ ಹಾಕಿದಾಗ ಹೊಟ್ಟೆಯೊಳಗಿನ ಒತ್ತಡ ಏರಿ, ಗರ್ಭಕೋಶವನ್ನೂ ಮೂತ್ರಕೋಶವನ್ನೂ ಕೆಳಗಿನಿಂದ ಎತ್ತಿಹಿಡಿದಿರುವ ಸ್ನಾಯುಗಳ ಮೇಲೆ ಬೀಳುತ್ತದೆ. ಒಂಬತ್ತು ತಿಂಗಳ ಭಾರ ಹೊತ್ತ ಆ ಸ್ನಾಯುಗಳು ಆಗಲೇ ಸೋತಿರುತ್ತವೆ. ಹೊಟ್ಟೆಯ ಮುಂಭಾಗದ ಎರಡು ನೇರ ಸ್ನಾಯುಗಳ ನಡುವೆಯೂ ಬಸಿರಿನಲ್ಲಿ ಅಂತರ ಬೀಳುತ್ತದೆ, ಕೆಲವರಲ್ಲಿ ಅದು ಹೆರಿಗೆಯಾಗಿ ಎಷ್ಟೋ ಕಾಲವಾದರೂ ಪೂರ್ತಿ ಕೂಡುವುದಿಲ್ಲ. ಅಂಥವಳನ್ನು ಅಂಗಾತ ಮಲಗಿಸಿ ತಲೆ-ಭುಜ ಎತ್ತಿ ಹೊಟ್ಟೆ ಬಿಗಿಸುವ ಕ್ರಂಚಸ್ ಒಂದೇ ಸಮನೆ ಮಾಡಿಸಿದರೆ ಹೊಕ್ಕುಳ ಸುತ್ತ ಹೊಟ್ಟೆ ಏಣಿನಂತೆ ಉಬ್ಬಿ ನಿಲ್ಲುತ್ತದೆಯೇ ವಿನಾ ಮಾಯವಾಗುವುದಿಲ್ಲ. ಹೆರಿಗೆಯ ನಂತರ ಓಟಕ್ಕೆ ಮರಳುವ ಬಗ್ಗೆ ಬ್ರಿಟನ್ನಿನ ಫಿಸಿಯೋಥೆರಪಿಸ್ಟರು 2019ರಲ್ಲಿ ಹೊರತಂದ ಮಾರ್ಗಸೂಚಿ, ಮೂರು ತಿಂಗಳಿಗೆ ಮೊದಲು ಓಟ ಬೇಡ, ಆಮೇಲೂ ಪರೀಕ್ಷಿಸಿಕೊಂಡೇ ಶುರುಮಾಡಿ ಎನ್ನುತ್ತದೆ. ನಮ್ಮ ಫ್ಲೆಕ್ಸಿಗೆ ಮಾತ್ರ 30 ದಿನ ಧಾರಾಳವಾಗಿ ಸಾಕು.

ತರಗತಿಗೆ ಸೇರುವಾಗ ತುಂಬಿಸಿದ ಅರ್ಜಿಯಲ್ಲಿ ತೂಕಕ್ಕೆ ಒಂದು ಕಾಲಂ, ಸೊಂಟದ ಅಳತೆಗೆ ಒಂದು ಕಾಲಂ, ‘ಗುರಿಯ ತೂಕ’ಕ್ಕೆ ಇನ್ನೊಂದು ಕಾಲಂ ಇತ್ತು. ಹೆರಿಗೆಯಾಗಿ ಎಷ್ಟು ದಿನವಾಯಿತು, ಸಹಜವೋ ಸಿಸೇರಿಯನ್ನೋ, ಮಗುವಿಗೆ ಹಾಲೂಡಿಸುತ್ತಿದ್ದೀರಾ, ಕೆಮ್ಮಿದಾಗ ಸೀನಿದಾಗ ಮೂತ್ರ ಸೋರುತ್ತದೆಯೇ ಎಂಬ ಒಂದು ಪ್ರಶ್ನೆಯೂ ಇರಲಿಲ್ಲ. ಕೋಚ್ ಹುಡುಗಿ ಆಮೇಲೆ ತಾನಾಗಿಯೇ ಪ್ರತಿಯೊಬ್ಬರನ್ನೂ ಬದಿಗೆ ಕರೆದು ಕೇಳಿದಳು, ಅದು ಅವಳ ದೊಡ್ಡತನ. ಅರ್ಜಿ ಅಚ್ಚು ಹಾಕಿಸಿದವರಿಗೆ ಅದು ಹೊಳೆದಿರಲಿಲ್ಲ.

ಕೊನೆಯ ಪ್ರಶ್ನೆಗೆ ನನ್ನ ಉತ್ತರ ಹೌದು ಎಂಬುದಾಗಿತ್ತು. ಹಗ್ಗದಾಟ ಶುರುವಾದೊಡನೆ ನಾನು ಬಾಟಲಿಯಲ್ಲಿ ನೀರು ತುಂಬಿಸುವ ನೆಪ ಮಾಡಿ ಹೊರಗೆ ಹೋಗುತ್ತಿದ್ದೆ. ನಾನು ಇದನ್ನು ಬರೆಯುತ್ತಿರುವ ಈ ಫೇಸ್‌ಬುಕ್ ಗೋಡೆಯ ಮೇಲೆ ನನ್ನ ಮಾವನ ಕಡೆಯವರು, ಹಳೆಯ ಸಹೋದ್ಯೋಗಿಗಳು, ಮಗಳ ಟೀಚರ್ ಎಲ್ಲರೂ ಇದ್ದೀರಿ, ಇರಲಿ, ಓದಿಕೊಳ್ಳಿ. ನನ್ನ ಎರಡನೆಯ ಹೆರಿಗೆಯ ಕಥೆ ನಿಮಗೆಲ್ಲ ಗೊತ್ತೇ ಇದೆ, ಈ ಭಾಗ ಮಾತ್ರ ಹೇಳಿರಲಿಲ್ಲ. ಈಗ ಹಗ್ಗದ ಬದಲು ನಿಂತಲ್ಲೇ ಹೆಜ್ಜೆ ಬದಲಿಸುವ ಅಭ್ಯಾಸ ಮಾಡುತ್ತೇನೆ, ಮನೆಯಲ್ಲಿ ಫಿಸಿಯೋ ಹೇಳಿಕೊಟ್ಟಂತೆ ಕೆಳಗಿನ ಸ್ನಾಯುಗಳನ್ನು ಬಿಗಿಹಿಡಿದು ಸಡಿಲಿಸುತ್ತೇನೆ, ಸೋರುವುದು ಬಹಳ ಕಡಿಮೆಯಾಗಿದೆ. ಇದು ಯಾವ ತಕ್ಕಡಿಯಲ್ಲೂ ತೂಗುವುದಿಲ್ಲ, ಆದ್ದರಿಂದ ಯಾರೂ ಕೇಳುವುದೂ ಇಲ್ಲ.

“ನೀನೇನು ಮೇರಿ ಕೋಮ್ ಆಗ್ಬೇಕಾ?” ಎಂಬ ಹಾಸ್ಯವೂ ಬಂದಿದೆ. ಆಗಬೇಕಿಲ್ಲ. ಆದರೆ ಅವಳ ಹೆಸರು ಎತ್ತಿದವರು ತೂಕದ ಲೆಕ್ಕವನ್ನೂ ಸ್ವಲ್ಪ ಕೇಳಿಸಿಕೊಳ್ಳಬೇಕು. 2007ರಲ್ಲಿ ಅವಳಿ ಮಕ್ಕಳನ್ನು ಹೆತ್ತ ಆಕೆ 2008ರಲ್ಲೇ ಚೀನಾದಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್ ಗೆದ್ದಳು. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಮಹಿಳೆಯರ ಬಾಕ್ಸಿಂಗ್ ಮೊದಲ ಬಾರಿಗೆ ಸೇರಿದಾಗ ಅಲ್ಲಿದ್ದದ್ದು 51, 60 ಮತ್ತು 75 ಕೆಜಿಯ ಮೂರೇ ವಿಭಾಗಗಳು; ಅದಕ್ಕೆ ಮೊದಲು ಹೆಚ್ಚಾಗಿ 46, 48 ಕೆಜಿಯಲ್ಲಿ ಗೆಲ್ಲುತ್ತ ಬಂದಿದ್ದವಳು 51ಕ್ಕೆ ಏರಿ, ತನಗಿಂತ ದೊಡ್ಡ ಮೈಕಟ್ಟಿನವರೊಡನೆ ಆಡಿ ಕಂಚು ತಂದಳು. ಎರಡು ಮಕ್ಕಳ ಆ ತಾಯಿ ಪದಕಕ್ಕಾಗಿ ತೂಕವನ್ನು ಏರಿಸಿಕೊಂಡವಳು. ಅವಳು ಶಿವಮೊಗ್ಗದಲ್ಲಿದ್ದಿದ್ದರೆ ಗೋಪಿ ಸರ್ಕಲ್ ದಾಟುವುದರೊಳಗೆ ನಾಲ್ಕು ಜನ ತಡೆದು ನಿಲ್ಲಿಸಿ, “ಏನಮ್ಮಾ, ಸ್ವಲ್ಪ ದಪ್ಪ ಆದ್ಯಲ್ಲ” ಎನ್ನುತ್ತಿದ್ದರು.

ತೀರ್ಥಹಳ್ಳಿ ಕಡೆಯ ನನ್ನ ಅತ್ತೆಯವರ ವಾದ ಬೇರೆಯೇ. “ನಾವು ಮೂರು ಮೂರು ಹೆತ್ವಿ, ಬಾಣಂತನ ಮುಗಿಸಿ ತೋಟಕ್ಕಿಳಿದ್ವಿ, ಸೊಪ್ಪಿನ ಹೊರೆ ಹೊತ್ವಿ, ರಾತ್ರಿಯಿಡೀ ಅಡಿಕೆ ಸುಲಿದ್ವಿ, ನಮಗ್ಯಾವ ಬಾಕ್ಸಿಂಗ್ ಬೇಕಿತ್ತು?” ಎನ್ನುತ್ತಾರೆ. ಅವರ ಮೇಲೆ ನನಗೆ ಅಪಾರ ಗೌರವವಿದೆ. ಮಲೆನಾಡಿನ ಬಾಣಂತನದ ಮೇಲೂ ಇದೆ. ಹಂಡೆ ನೀರಿನ ಸ್ನಾನ, ಮೆಣಸಿನ ಸಾರು, ಯಾರೂ ಕೆಲಸ ಹೇಳದ ಆ ದಿನಗಳು ನನ್ನನ್ನು ಉಳಿಸಿವೆ. ಆದರೆ ಆಗಲೂ ಹೊಟ್ಟೆಗೆ ಹಳೆ ಸೀರೆ ಬಿಗಿಯುತ್ತ ದೊಡ್ಡವರು ಹೇಳುತ್ತಿದ್ದುದು ಹೊಟ್ಟೆ ಜೋತುಬಿದ್ದೀತು ಎಂದೇ. ಇನ್ನು ಹೊರೆ ಹೊತ್ತವರ ಮಾತು: ಅದೇ ತಲೆಮಾರಿನ ನಮ್ಮ ಮನೆಯ ಎಷ್ಟು ಹೆಂಗಸರು ಗರ್ಭಕೋಶ ಜಾರಿ, ಗಂಡಸರ ಕಿವಿಗೆ ಬೀಳದಂತೆ ಪಿಸುಗುಟ್ಟಿಕೊಂಡು, ಕೊನೆಗೆ ಅದನ್ನು ತೆಗೆಸಿಕೊಂಡು ಬಂದರು ಎಂಬುದನ್ನು ಅತ್ತೆಯವರೇ ಬೇರೊಂದು ದಿನ, ಬೇರೊಂದು ಲಹರಿಯಲ್ಲಿ ನನಗೆ ಹೇಳಿದ್ದಾರೆ. ಮೇಲಿಂದ ಮೇಲೆ ಹೆರಿಗೆ, ಸುಧಾರಿಸಿಕೊಳ್ಳುವ ಮೊದಲೇ ಭಾರ ಎತ್ತುವುದು, ಇವೆರಡೂ ಅದಕ್ಕೆ ದಾರಿಯಾಗುತ್ತವೆ. ದುಡಿಮೆ ಮೈಯಿಂದ ಕೆಲಸ ತೆಗೆಯುತ್ತದೆ, ಮೈಗೆ ಎಷ್ಟು ಸಾಧ್ಯ ಎಂದು ಕೇಳುವುದಿಲ್ಲ.

ತೂಕವೂ ಮುಖ್ಯವಲ್ಲವೇ, ಬಸಿರಿನಲ್ಲಿ ಸಕ್ಕರೆ ಕಾಯಿಲೆ ಬಂದವರಿಗೆ ಮುಂದೆಯೂ ಅದರ ಅಪಾಯವಿದೆಯಲ್ಲ ಎಂದು ವೈದ್ಯ ಗೆಳತಿಯೊಬ್ಬಳು ಹೇಳಿದಳು. ನಿಜ, ಒಪ್ಪಿದೆ. ಆದರೆ ದುಡಿಯುವ ಸ್ನಾಯು ರಕ್ತದ ಸಕ್ಕರೆಯನ್ನು ಬಳಸಿಕೊಳ್ಳುವುದಕ್ಕೆ ತಕ್ಕಡಿಯ ಮುಳ್ಳು ಅಲುಗಲೇಬೇಕೆಂದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಬಾಣಂತಿಯರನ್ನೂ ಸೇರಿಸಿ ವಾರಕ್ಕೆ ಕನಿಷ್ಠ 150 ನಿಮಿಷಗಳ ಮಧ್ಯಮ ಮಟ್ಟದ ವ್ಯಾಯಾಮ ಬೇಕೆಂದಾಗ ನಿಮಿಷಗಳನ್ನು ಹೇಳಿತೇ ಹೊರತು, ಇಷ್ಟು ಕೆಜಿ ಇಳಿಯಬೇಕೆಂದು ಹೇಳಲಿಲ್ಲ. ಬಂದ ಹೆಂಗಸು ಮೂವತ್ತನೆಯ ದಿನ ತಕ್ಕಡಿ ಹತ್ತಿ, ಮುಳ್ಳು ಅಲ್ಲೇ ಇರುವುದನ್ನು ಕಂಡು, ಇದು ತನ್ನಿಂದಾಗುವುದಿಲ್ಲವೆಂದು ಮನೆಯಲ್ಲೇ ಉಳಿದರೆ ಅವಳ ಸಕ್ಕರೆಗೆ ಏನು ಲಾಭವಾಯಿತು? ಹಾಗೆ ಬಿಟ್ಟುಹೋದವರನ್ನು ನಾನು ಕಂಡಿದ್ದೇನೆ, ಹೊಡೆತ ಬಲು ಚೆನ್ನಾಗಿತ್ತು ಅವರದು.

ಆ 150 ನಿಮಿಷಗಳ ಕಾಲ ಮಗುವನ್ನು ಯಾರು ನೋಡಿಕೊಳ್ಳುತ್ತಾರೆ ಎಂಬುದೂ ಕೇಳಬಹುದಾದ ಪ್ರಶ್ನೆಯೇ. ನಮ್ಮ ಬ್ಯಾಚಿನಲ್ಲಿ ಒಬ್ಬಳು ಭದ್ರಾವತಿಯಿಂದ ಬಸ್ಸಿನಲ್ಲಿ ಬರುತ್ತಾಳೆ, ಅವಳ ಗಂಡ ಆರು ತಿಂಗಳ ಕೂಸನ್ನೆತ್ತಿಕೊಂಡು ಹೊರಗಿನ ಬೆಂಚಿನ ಮೇಲೆ ಕೂರುತ್ತಾರೆ. ಎಷ್ಟು ಕೆಜಿ ಎಂದು ಅವರು ಒಮ್ಮೆಯೂ ಕೇಳಿದ್ದಿಲ್ಲವಂತೆ.

ತಕ್ಕಡಿಯನ್ನು ಬಾಗಿಲ ಬಳಿಯಿಂದ ತೆಗೆಸಿ, ಅರ್ಜಿಗೆ ಆ ನಾಲ್ಕು ಪ್ರಶ್ನೆ ಸೇರಿಸಿ ಎಂದು ಇವತ್ತು ಮಾಲೀಕರಿಗೆ ಹೇಳಿದೆ. ಅರ್ಜಿಯ ವಿಷಯ ಬರೆದುಕೊಂಡರು. ತಕ್ಕಡಿ ತೆಗೆಯಲು ಮಾತ್ರ ಆಗುವುದಿಲ್ಲವಂತೆ. ಜನ ಫೀಸು ಕಟ್ಟುವುದೇ ಅದರ ಮೇಲೆ ನಿಂತು ನೋಡಿದ ಮೇಲಂತೆ.