ಮಡಿ ಚಿನ್ನ

ನಮ್ಮಜ್ಜಿ ಮಡಿ ಸೀರೆ ಒಗೆದು, ಸೂರಿಗೆ ಕಟ್ಟಿದ್ದ ಗಳದ ಮೇಲೆ ಕೋಲಿನಲ್ಲೇ ಹರವುತ್ತಿದ್ದರು. ಬೆಳಿಗ್ಗೆ ಅದೇ ಕೋಲಿನಿಂದ ಇಳಿಸಿಕೊಳ್ಳುತ್ತಿದ್ದರು. ನಡುವೆ ನಾವು ಮಕ್ಕಳು ಸೆರಗಿನ ತುದಿ ಮುಟ್ಟಿದೆವೋ, ಕೆಟ್ಟೆವು. ಸೀರೆ ಅದೇ, ಒಗೆದ ನೀರೂ ಅದೇ. ಆದರೆ ಮೈಲಿಗೆ.

ಇದನ್ನೆಲ್ಲ ಬಿಟ್ಟು ನ್ಯೂಜೆರ್ಸಿಗೆ ಬಂದೆ ಅಂದುಕೊಂಡಿದ್ದೆ. ಐಆರ್‌ಎ ಅನ್ನುವ ನಿವೃತ್ತಿ ಖಾತೆಯಲ್ಲಿ ಚೂರು ಚಿನ್ನ ಇಡೋಣ ಅಂತ ಹೊರಟಾಗ ಗೊತ್ತಾಯಿತು, ಅಜ್ಜಿಯ ಗಳ ನನಗಿಂತ ಮೊದಲೇ ಅಮೆರಿಕ ಸೇರಿದೆ.

1981ರಲ್ಲಿ ಇಲ್ಲಿನ ಸಂಸತ್ತು ಒಂದು ಮೈಲಿಗೆ ಪಟ್ಟಿ ಮಾಡಿತು. ನಿವೃತ್ತಿ ದುಡ್ಡಿನಲ್ಲಿ ಇವನ್ನು ಕೊಂಡರೆ ದುಡ್ಡು ಹೊರತೆಗೆದ ಹಾಗೇ ಲೆಕ್ಕ, ತೆರಿಗೆ ಕಟ್ಟಿ ಅಂತ. ಪಟ್ಟಿಯಲ್ಲಿ ಏನೇನಿದೆ? ಕಲಾಕೃತಿ, ರತ್ನಗಂಬಳಿ, ಹಳೇ ಕಾಲದ ಸಾಮಾನು, ಲೋಹ, ಹರಳು, ಅಂಚೆಚೀಟಿ, ನಾಣ್ಯ, ಹೆಂಡ. ಹೆಂಡ ಸೇರಿಸಿದ್ದು ನ್ಯಾಯವೇ ಬಿಡಿ. ಮನೆಯಲ್ಲಿರುವ ವಿಸ್ಕಿ ನಿವೃತ್ತಿವರೆಗೂ ಉಳಿಯುತ್ತೆ ಅಂತ ಯಾವ ಹೆಂಡತಿ ನಂಬುತ್ತಾಳೆ? ಆದರೆ ಪಾಪ, ಚಿನ್ನ ಹೋಗಿ ಅದರ ಪಕ್ಕ ಕೂರಬೇಕಾಯಿತು.

ಆಮೇಲೆ ಶುದ್ಧಿ ಮಾಡಿ ಒಳಗೆ ಕರೆದುಕೊಂಡರು. 1997ರಲ್ಲಿ ಗಟ್ಟಿಗಳಿಗೂ ಬಾಗಿಲು ತೆರೆಯಿತು. ಆದರೆ ಪಾಸ್ ಮಾರ್ಕ್ಸ್ ಕೇಳಿ. ಶುದ್ಧತೆ ಚಿನ್ನಕ್ಕೆ ಶೇ 99.5, ಬೆಳ್ಳಿಗೆ 99.9, ಪ್ಲಾಟಿನಂ ಮತ್ತು ಪಲ್ಲಾಡಿಯಂಗೆ 99.95. ಇಷ್ಟು ಮಾರ್ಕ್ಸ್ ತೆಗೆಯುವವರು ಇನ್ನು ಧಾರವಾಡದ ಟ್ಯೂಷನ್‌ನಲ್ಲಿ ಮಾತ್ರ ಸಿಗುತ್ತಾರೆ.

ಹೋಗಲಿ, ನಿಯಮ ಅಂದರೆ ನಿಯಮ. ಆದರೆ ಅಮೆರಿಕನ್ ಈಗಲ್ ಅನ್ನುವ ಸರ್ಕಾರಿ ನಾಣ್ಯ ಇದೆ. 22 ಕ್ಯಾರೆಟ್. ಶುದ್ಧತೆ 91.67. ಅಂದರೆ ಡುಮ್ಕಿ. ಆದರೂ ಅದು ಒಳಗೆ ಮಣೆ ಹಾಕಿಕೊಂಡು ಕೂತಿದೆ, ಯಾಕಂದ್ರೆ ಕಾನೂನೇ ಅದಕ್ಕೆ ವಿನಾಯಿತಿ ಕೊಟ್ಟಿದೆ. ಹೆಡ್‌ಮಾಸ್ಟರ ಮಗ ಅಲ್ವಾ?

ದಕ್ಷಿಣ ಆಫ್ರಿಕಾದ ಕ್ರುಗರ್‌ರಾಂಡ್ ಕೂಡ 22 ಕ್ಯಾರೆಟ್. ಅದೇ 91.67. ತೂಕವೂ ಅದೇ 33.93 ಗ್ರಾಂ, ಒಳಗಿರುವ ಚಿನ್ನವೂ ಅದೇ ಒಂದು ಟ್ರಾಯ್ ಔನ್ಸ್. ಈಗಲ್‌ನಲ್ಲಿ ತಾಮ್ರದ ಜೊತೆ ಚೂರು ಬೆಳ್ಳಿ ಇದೆ, ಇದರಲ್ಲಿ ಬರೀ ತಾಮ್ರ. ಒಂದರ ಮೇಲೆ ಹದ್ದು, ಇನ್ನೊಂದರ ಮೇಲೆ ಜಿಂಕೆ. ಜಿಂಕೆಗೆ ಹೊಸ್ತಿಲು ದಾಟುವ ಹಾಗಿಲ್ಲ.

ನನಗೆ ಹೆಂಡತಿಯ ಬಳೆ ನೆನಪಾಯಿತು. ಒಳಮೈಯಲ್ಲಿ ಬಿಐಎಸ್ ತ್ರಿಕೋನ, ಪಕ್ಕದಲ್ಲಿ 22ಕೆ916. ಹೆಚ್ಚುಕಮ್ಮಿ ಹದ್ದಿನಷ್ಟೇ ಅಂಕ. ಚಿನ್ನ ಮಾರುವ ಕಂಪನಿಯ ಹುಡುಗನಿಗೆ ಫೋನಿನಲ್ಲಿ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, ಒಡವೆ ನಡೆಯಲ್ಲ ಸರ್, ನಿಮ್ಮ ಕೈಯಲ್ಲಿರುವ ಯಾವ ಚಿನ್ನವೂ ನಡೆಯಲ್ಲ, ಖಾತೆಗೆ ದುಡ್ಡು ಹಾಕಿ ಹೊಸದಾಗಿ ಕೊಳ್ಳಬೇಕು ಅಂದ.

ಕರಗಿಸಿ 99.9ರ ಗಟ್ಟಿ ಮಾಡಿಸಿದರೂ ಕೆಲಸ ಆಗಲ್ಲವಂತೆ. ಗಟ್ಟಿಗೆ ಮನೆತನ ಬೇಕು. ಕಾನೂನು ಶುದ್ಧತೆ ಕೇಳಿದರೆ, ಖಾತೆ ನೋಡಿಕೊಳ್ಳುವವರು ಕುಲಗೋತ್ರವನ್ನೂ ಕೇಳುತ್ತಾರೆ. ಲಂಡನ್ನಿನ ಚಿನ್ನ-ಬೆಳ್ಳಿ ವ್ಯಾಪಾರಿಗಳ ಸಂಘವಾದ ಎಲ್‌ಬಿಎಂಎ ಪಟ್ಟಿಯಲ್ಲೋ, ನ್ಯೂಯಾರ್ಕಿನ ಲೋಹದ ಪೇಟೆ ಕೋಮೆಕ್ಸ್ ಪಟ್ಟಿಯಲ್ಲೋ ಇರುವ ರಿಫೈನರಿಯ ಮುದ್ರೆ ಇರಬೇಕು. ನಮ್ಮೂರ ಆಚಾರಿ ಒರೆಗಲ್ಲಿಗೆ ಒಂದು ಸಲ ತಿಕ್ಕಿ, ಕಣ್ಣು ಕಿರಿದು ಮಾಡಿ, "ಪರವಾಗಿಲ್ಲ" ಅನ್ನುತ್ತಿದ್ದ. ಅವನು ಚಿನ್ನಕ್ಕೆ ಅಪ್ಪನ ಹೆಸರು ಕೇಳಿದ್ದು ನಾನು ನೋಡಿಲ್ಲ.

ಕೊನೆಗೆ ಒಳ್ಳೇ ಮನೆತನದ ಒಂದು ಗಟ್ಟಿ ಕೊಂಡೆ. ಅದು ಪಕ್ಕದ ಡೆಲಾವೇರ್ ರಾಜ್ಯದ ತಿಜೋರಿ ಸೇರಿತು. ಬೇರೆಯವರ ಚಿನ್ನದ ಜೊತೆ ಒಟ್ಟಿಗಿಟ್ಟರೆ ಒಂದು ಬಾಡಿಗೆ. ಮೈ ತಾಗದ ಹಾಗೆ ಬೇರೆ ಇಟ್ಟರೆ ಜಾಸ್ತಿ. ಮನೆಗೆ ತರಬಹುದಾ? ಒಬ್ಬ ಮಹಿಳೆ ಐಆರ್‌ಎ ದುಡ್ಡಿನಲ್ಲಿ ಕೊಂಡ ಈಗಲ್ ನಾಣ್ಯಗಳನ್ನು ಮನೆಯ ಸೇಫಿನಲ್ಲಿ ಇಟ್ಟುಕೊಂಡಿದ್ದರು. 2021ರಲ್ಲಿ ತೆರಿಗೆ ನ್ಯಾಯಾಲಯ ಅದನ್ನು ದುಡ್ಡು ತೆಗೆದ ಹಾಗೇ ಅಂತ ತೀರ್ಪು ಕೊಟ್ಟಿತು. ಹಾಗೆ ತೆಗೆದಿದ್ದಕ್ಕೆ ಆದಾಯ ತೆರಿಗೆ. ವಯಸ್ಸು ಐವತ್ತೊಂಬತ್ತೂವರೆ ಆಗಿಲ್ಲದಿದ್ದರೆ ಸಾಮಾನ್ಯವಾಗಿ ಮೇಲೆ ಶೇ 10 ದಂಡ. ಇದಕ್ಕಿಂತ ಅಜ್ಜಿಯೇ ವಾಸಿ, ಒಂದು ಚೊಂಬು ನೀರು ಸುರಿದು ಬಿಟ್ಟುಬಿಡುತ್ತಿದ್ದರು.

ದೀಪಾವಳಿ ಹೊತ್ತಿಗೆ ಅಮ್ಮ ಬಂದಿದ್ದರು. ಲಕ್ಷ್ಮೀಪೂಜೆಗೆ ತಟ್ಟೆ ಇಟ್ಟುಕೊಂಡು ಕೂತಿದ್ದರು.

"ಚಿನ್ನದ ಗಟ್ಟಿ ತಗೊಂಡಿದ್ದೀಯಂತಲ್ಲೋ, ತಾ ಇಲ್ಲಿ."

"ಅದು ಡೆಲಾವೇರ್‌ನಲ್ಲಿದೆ ಅಮ್ಮ."

"ಎಷ್ಟು ದೂರ?"

"ಎರಡು ಗಂಟೆ ದಾರಿ."

"ಹೋಗಿ ತಗೊಂಡ್ ಬಾ ಮತ್ತೆ."

"ನಾನು ಮುಟ್ಟೋ ಹಾಗಿಲ್ಲಮ್ಮ."

ಅಮ್ಮ ಕೈಯಲ್ಲಿದ್ದ ಹೂವು ಕೆಳಗಿಟ್ಟರು. "ಯಾಕೋ, ಯಾರದಾದ್ರೂ ಸೂತಕವಾ?"

ಪ್ರಿಂಟರಿನಿಂದ ಮೂರು ತಿಂಗಳ ಸ್ಟೇಟ್‌ಮೆಂಟ್ ತೆಗೆದುಕೊಟ್ಟೆ. ಅಮ್ಮ ಕನ್ನಡಕ ಹಾಕಿಕೊಂಡು ಗಟ್ಟಿಯ ಸೀರಿಯಲ್ ನಂಬರ್ ಹುಡುಕಿದರು. ಕುಂಕುಮದ ಬೆರಳನ್ನು ಕಾಗದದ ಹತ್ತಿರ ತಂದು, ಹಾಗೇ ನಿಲ್ಲಿಸಿ ನನ್ನ ಮುಖ ನೋಡಿದರು.

"ಇದನ್ನಾದ್ರೂ ಮುಟ್ಟಬಹುದು ತಾನೆ?"